ಈಡಿತ್ ಕ್ರೇಗ್: ವೇಷಶಾಲೆಯ ಒಡತಿಯೂ ಆಕೆಯ ಮನೆತನವೂ

ನಮ್ಮ ನಾಟಕ ಸಂಘದ ಸ್ಮರಣ ಸಂಚಿಕೆಗೆ ವೇಷಭೂಷಣದ ವಿಷಯವಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಅಪ್ಪಣೆ ಮಾಡಿದಾಗ, ನಟರ ಹೆಸರು ಮನೆಮಾತಾಗಿಯೂ ಕವಿಗಳ ಹೆಸರು ಗ್ರಂಥಸ್ಥವಾಗಿಯೂ ಉಳಿಯುವ ಈ ಕಲೆಯಲ್ಲಿ, ಸೂಜಿದಾರಗಳನ್ನು ಹಿಡಿದು ತೆರೆಯ ಹಿಂದೆಯೇ ಬಾಳು ಸವೆಸಿದವರೊಬ್ಬರ ಚರಿತ್ರೆಯನ್ನು ಹೇಳುವುದೇ ಉಚಿತವೆಂದು ನನಗೆ ತೋರಿತು. ಸಂಘದ ವೇಷದ ಪೆಟ್ಟಿಗೆಗಳ ಹೊಣೆಯನ್ನು ಬಹುಕಾಲದಿಂದ ಹೊತ್ತಿರುವ ನನಗೆ ಇಂಗ್ಲೆಂಡಿನ ಈಡಿತ್ ಕ್ರೇಗ್ ಪರೋಕ್ಷ ಗುರು. ಆಕೆಯೂ ಆಕೆಯ ಮನೆತನವೂ ಕಟ್ಟಿ ನಿಲ್ಲಿಸಿದ ಸಂಸ್ಥೆಗಳ ಕಥೆಯಲ್ಲಿ ನಮ್ಮಂಥ ಹವ್ಯಾಸಿಗಳು ಕಲಿಯತಕ್ಕದ್ದು ಬಹಳವಿದೆ.

ಈಡಿತ್ ಹುಟ್ಟಿದ್ದು 1869ರ ಡಿಸೆಂಬರ್ 9ರಂದು. ತಾಯಿ ಎಲೆನ್ ಟೆರಿ, ಆ ಕಾಲದ ಆಂಗ್ಲ ರಂಗಭೂಮಿಯ ಅಗ್ರಗಣ್ಯ ನಟಿ. ತಂದೆ ಎಡ್ವರ್ಡ್ ವಿಲಿಯಂ ಗಾಡ್ವಿನ್, ವಾಸ್ತುಶಿಲ್ಪಿ. ಆ ದಾಂಪತ್ಯ ಲೋಕಸಮ್ಮತವಾದ ರೀತಿಯದಾಗಿರಲಿಲ್ಲ, ದೀರ್ಘಕಾಲ ಬಾಳಲೂ ಇಲ್ಲ. ಅದನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಗಮನಾರ್ಹವಾದದ್ದು ಗಾಡ್ವಿನ್ನನ ವಿದ್ವತ್ತು. ಷೇಕ್ಸ್‌ಪಿಯರನ ನಾಟಕಗಳ ಕಟ್ಟಡಗಳೂ ಉಡುಪುಗಳೂ ಆಯಾ ದೇಶಕಾಲಗಳಿಗೆ ಅನುಗುಣವಾಗಿ ಹೇಗಿರಬೇಕೆಂಬುದನ್ನು ಕುರಿತು 1874–75ರಲ್ಲಿ ಲೇಖನಮಾಲೆಯನ್ನೇ ಬರೆದು, ಮುಂದೆ 1884ರಲ್ಲಿ, ಭಾರತದ ರೇಷ್ಮೆಗಳನ್ನು ಲಂಡನ್ನಿನ ಶ್ರೀಮಂತರಿಗೆ ಮಾರುತ್ತಿದ್ದ ಲಿಬರ್ಟಿ ಮಳಿಗೆಯ ಉಡುಪಿನ ವಿಭಾಗಕ್ಕೆ ನಿರ್ದೇಶಕನಾದ ಆ ಮನುಷ್ಯನ ಮಗಳು ಶೈಶವದಲ್ಲಿ ಜಪಾನೀ ಕಿಮೋನೋ ತೊಟ್ಟು ಓಡಾಡಿದವಳು. ವೇಷವೆಂದರೆ ವಿಚಾರ ಎಂಬ ಪಾಠ ಆಕೆಗೆ ಅಕ್ಷರಾಭ್ಯಾಸಕ್ಕೆ ಮೊದಲೇ ಆಯಿತೆನ್ನಬಹುದು.

ತಾಯಿಯ ಕಡೆಯಿಂದ ಬಂದ ಸಂಸ್ಕಾರವೂ ಅಷ್ಟೇ ಗಾಢವಾದದ್ದು. 1878ರಲ್ಲಿ ಹೆನ್ರಿ ಅರ್ವಿಂಗನ ಲೈಸಿಯಂ ರಂಗಮಂದಿರದಲ್ಲಿ 'ಹ್ಯಾಮ್ಲೆಟ್' ಸಿದ್ಧವಾಗುತ್ತಿದ್ದಾಗ, ಒಫೀಲಿಯಾಳ ಹುಚ್ಚಿನ ದೃಶ್ಯಕ್ಕೆ ಕಪ್ಪು ಉಡುಪು ಧರಿಸುವೆನೆಂದು ಎಲೆನ್ ಟೆರಿ ಹೇಳಿದಳಂತೆ. ಆ ನಾಟಕದಲ್ಲಿ ಕಪ್ಪು ಉಡುಪಿನ ವ್ಯಕ್ತಿ ಒಬ್ಬನೇ ಇರತಕ್ಕದ್ದು, ಅವನು ಹ್ಯಾಮ್ಲೆಟ್, ಎಂಬುದನ್ನು ಹಿರಿಯರು ನೆನಪಿಸಿದ ಕೂಡಲೆ ಆ ಮಹಾನಟಿ ಮರುಮಾತಿಲ್ಲದೆ ಬಿಳಿಯ ಉಡುಪಿಗೆ ಒಪ್ಪಿದಳು. 1888ರ 'ಮ್ಯಾಕ್‌ಬೆತ್' ನಾಟಕಕ್ಕೆ ಆಲಿಸ್ ಕಾಮಿನ್ಸ್ ಕಾರ್ ಕಲ್ಪಿಸಿ ಏಡಾ ನೆಟಲ್‌ಷಿಪ್ ಹೊಲಿದುಕೊಟ್ಟ, ಜೀರುಂಡೆಯ ಹಸುರು ರೆಕ್ಕೆಗಳನ್ನು ಮೈತುಂಬ ಪೋಣಿಸಿದ ನಿಲುವಂಗಿಯಂತೂ ಚಿತ್ರಕಾರ ಸಾರ್ಜೆಂಟನ ಕುಂಚದಿಂದ ಜಗತ್ಪ್ರಸಿದ್ಧವಾಯಿತು.

ಈಡಿತಳಿಗೆ ಮೊದಲು ಒಲವಿದ್ದದ್ದು ಸಂಗೀತದ ಕಡೆಗೆ. ಬರ್ಲಿನ್ನಿಗೆ ಹೋಗಿ ಪಿಯಾನೋ ಅಭ್ಯಾಸ ಮಾಡಿ ಬಂದಳು. ಆದರೆ ಕೈಬೆರಳುಗಳಿಗೆ ಹತ್ತಿದ ವಾತರೋಗ ಆ ದಾರಿಯನ್ನು ಮುಚ್ಚಿತು. ಯಾವ ಬೆರಳುಗಳು ಪಿಯಾನೋ ಮಣೆಗಳ ಮೇಲೆ ಆಡಲಾರದೆ ಹೋದುವೋ ಅವೇ ಬೆರಳುಗಳು ಬಟ್ಟೆಗೆ ಬಣ್ಣ ಕಟ್ಟುವುದರಲ್ಲಿಯೂ ನೆರಿಗೆ ಹಿಡಿಯುವುದರಲ್ಲಿಯೂ ಸಾರ್ಥಕವಾದುವೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. 1899ರಲ್ಲಿ ಅರ್ವಿಂಗನು ತನ್ನ 'ರೋಬೆಸ್‌ಪಿಯರ್' ನಾಟಕದ ಉಡುಪುಗಳನ್ನು ಆಕೆಗೆ ಒಪ್ಪಿಸಿದನು. ಫ್ರಾನ್ಸಿನ ಮಹಾಕ್ರಾಂತಿಯ ಜನಸ್ತೋಮವನ್ನು ರಂಗಕ್ಕೆ ತರಬೇಕಾಗಿದ್ದ ನಾಟಕವದು; ಮೂವತ್ತು ತುಂಬದ ತರುಣಿಗೆ ಅಂಥ ಹೊಣೆ ಸಾಮಾನ್ಯವಾದದ್ದಲ್ಲ. ಆ ಕೆಲಸ ಕೊಟ್ಟ ಧೈರ್ಯದಿಂದ ಲಂಡನ್ನಿನ ಕೊವೆಂಟ್ ಗಾರ್ಡನ್ ಪ್ರದೇಶದಲ್ಲಿ 'ಈಡಿತ್ ಕ್ರೇಗ್ ಅಂಡ್ ಕಂಪನಿ' ಎಂಬ ತನ್ನದೇ ವೇಷಶಾಲೆಯನ್ನು ತೆರೆದಳು. 1903ರಲ್ಲಿ ತಾಯಿ ತನ್ನ ಸ್ವಂತ ಹಣ ಸುರಿದು ಇಂಪೀರಿಯಲ್ ರಂಗಮಂದಿರವನ್ನು ಹಿಡಿದು ಇಬ್ಸೆನ್ನನ 'ವೈಕಿಂಗರು' ನಾಟಕವನ್ನು ಆಡಿಸಿದಾಗ, ತಮ್ಮ ಗಾರ್ಡನ್ ಕ್ರೇಗ್ ರಂಗವಿನ್ಯಾಸ ಮಾಡಿದನು, ಅಕ್ಕ ಉಡುಪು ಸಿದ್ಧಗೊಳಿಸಿದಳು. ತಾಯಿಮಕ್ಕಳು ಮೂವರೂ ಒಂದೇ ತೆರೆಯ ಹಿಂದೆ ದುಡಿದ ಆ ಪ್ರಯೋಗ ಕೆಲವೇ ವಾರಗಳಲ್ಲಿ ನಿಂತುಹೋಯಿತು. ವೇಷಶಾಲೆಯೂ ಬಹುಕಾಲ ಬಾಳಲಿಲ್ಲ. ನಷ್ಟದ ಲೆಕ್ಕದಿಂದ ಮಾತ್ರ ಅದನ್ನು ಅಳೆಯುವವರೊಡನೆ ನಾನು ಒಪ್ಪಲಾರೆ. ಆ ಕೆಲವು ವರ್ಷಗಳ ಪರಿಶ್ರಮದಿಂದಲೇ ಆಕೆ ನಿರ್ದೇಶಕಿಯಾಗಿ ರೂಪುಗೊಂಡಳು.

ಆ ರೂಪ ಪ್ರಕಾಶಕ್ಕೆ ಬಂದದ್ದು 1909ರ ನವೆಂಬರಿನಲ್ಲಿ. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಟ ನಡೆಯುತ್ತಿದ್ದ ಆ ದಿನಗಳಲ್ಲಿ ಸಿಸಿಲಿ ಹ್ಯಾಮಿಲ್ಟನ್ ಬರೆದ 'ಮಹಾಸ್ತ್ರೀಯರ ಮೆರವಣಿಗೆ'ಯನ್ನು ಈಡಿತ್ ರಂಗಕ್ಕೆ ತಂದಳು. ವಿದುಷಿಯರು, ಕಲಾವಿದೆಯರು, ಸಾಧ್ವಿಯರು, ರಾಣಿಯರು, ವೀರವನಿತೆಯರು ಸಾಲುಸಾಲಾಗಿ ಬಂದು ನಿಲ್ಲುವ ಆ ದೃಶ್ಯದಲ್ಲಿ ಮಾತಿಗಿಂತ ಉಡುಪೇ ಹೆಚ್ಚು ನುಡಿಯಬೇಕಾಗಿತ್ತು. ಭಾರತೀಯರಾದ ನಮಗೆ ರೋಮಾಂಚವಾಗುವ ಸಂಗತಿಯೆಂದರೆ, ಆ ವೀರವನಿತೆಯರ ಪಂಕ್ತಿಯಲ್ಲಿ ಝಾನ್ಸಿಯ ರಾಣಿಯೂ ಇದ್ದಳು! ಯಾವ ಸಾಮ್ರಾಜ್ಯದ ವಿರುದ್ಧ ಆಕೆ ಖಡ್ಗ ಹಿಡಿದು 1858ರಲ್ಲಿ ಮಡಿದಳೋ ಅದರ ರಾಜಧಾನಿಯಲ್ಲಿಯೇ ಐವತ್ತೊಂದು ವರ್ಷಗಳ ತರುವಾಯ ಆಕೆಗೆ ಈ ಗೌರವ ಸಂದಿತು. ಮುಂದೆ ಈ ಮೆರವಣಿಗೆ ಊರೂರಿಗೆ ಹೋಯಿತು. ಪ್ರಮುಖ ಪಾತ್ರಗಳಿಗೆ ಮಾತ್ರ ಅನುಭವಿ ನಟರನ್ನು ಕರೆದೊಯ್ದು, ಉಳಿದ ವೇಷಗಳನ್ನು ಆಯಾ ಊರಿನ ಸ್ತ್ರೀಯರಿಗೇ ಉಡಿಸಿ ನಿಲ್ಲಿಸಿದ ಈಡಿತಳ ಸಂಘಟನಾಶಕ್ತಿ ಎಂಥದೆಂಬುದು, ವಾರ್ಷಿಕೋತ್ಸವದ ಸಂಜೆ ಹತ್ತು ಜನಕ್ಕೆ ವೇಷ ಕಟ್ಟಿ ಬಸವಳಿದವರಿಗೆ ಚೆನ್ನಾಗಿ ತಿಳಿದೀತು.

1911ರಲ್ಲಿ ಆಕೆ ಸ್ಥಾಪಿಸಿದ 'ಪಯೊನಿಯರ್ ಪ್ಲೇಯರ್ಸ್' ಸಂಘಕ್ಕೆ ತಾಯಿಯೇ ಅಧ್ಯಕ್ಷೆ. ಯುದ್ಧದ ವರ್ಷಗಳಲ್ಲಿಯೂ ನಿಲ್ಲದೆ, ಹತ್ತನೆಯ ಶತಮಾನದ ಸಂನ್ಯಾಸಿನಿ ಹ್ರೋಟ್ಸ್‌ವಿತಳಿಂದ ಹಿಡಿದು ಕ್ಲೋಡೆಲ್, ಎವ್ರೇನಫ್ ಮೊದಲಾದ ನವೀನರವರೆಗೆ ಅನೇಕರ ಕೃತಿಗಳನ್ನು ಅದು ಆಡಿತು. ಆ ಬಳಿಕ ಲೀಡ್ಸ್ ಮೊದಲಾದೆಡೆ ನಿರ್ದೇಶನ, ಊರೂರ ಉತ್ಸವಗಳು, ಹೀಗೆ ಕೆಲವು ವರ್ಷಗಳು ಸಾಗಿದುವು.

1928ರ ಜುಲೈ 21ರಂದು ಕೆಂಟ್ ಪ್ರಾಂತದ ಸ್ಮಾಲ್‌ಹೈದ್ ಮನೆಯಲ್ಲಿ ಎಲೆನ್ ಟೆರಿ ತೀರಿಕೊಂಡಳು. ತಾಯಿಯ ಪತ್ರಗಳನ್ನು ಅಚ್ಚುಮಾಡುವ ವಿಚಾರದಲ್ಲಿ ಅಕ್ಕತಮ್ಮಂದಿರಿಗೆ ಭಿನ್ನಾಭಿಪ್ರಾಯ ಬಂದುದುಂಟು. ಇಬ್ಬರೂ ತಾಯಿಯನ್ನು ಅಪಾರವಾಗಿ ಪ್ರೀತಿಸಿದವರೆಂದಷ್ಟೇ ಹೇಳಿ ಮುಂದುವರಿಯುವುದು ಲೇಸು. ಈಡಿತ್ ಆ ಮನೆಯನ್ನು ಸ್ಮಾರಕವಾಗಿಸಿ, ಪಕ್ಕದ ಕೊಟ್ಟಿಗೆಯನ್ನು 1929ರಲ್ಲಿ ನಾಟಕಶಾಲೆಯಾಗಿ ಮಾರ್ಪಡಿಸಿ, ವರ್ಷವರ್ಷವೂ ತಾಯಿಯ ಪುಣ್ಯತಿಥಿಯ ಸುಮಾರಿಗೆ ಅಲ್ಲಿ ನಾಟಕವಾಡಿಸಿದಳು. ಜೊತೆಗೆ ಬಾಳಿದ ಲೇಖಕಿ ಕ್ರಿಸ್ಟೊಫರ್ ಸೇಂಟ್ ಜಾನ್, ಚಿತ್ರಕಾರ್ತಿ ಕ್ಲೇರ್ ಅಟ್‌ವುಡ್ ಇಬ್ಬರ ಒತ್ತಾಸೆ ಇಲ್ಲದಿದ್ದರೆ ಆ ಕಾರ್ಯ ನೆರವೇರುತ್ತಿರಲಿಲ್ಲ. 1939ರಲ್ಲಿ ಸ್ಮಾರಕ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದಿತು. ಈಡಿತ್ 1947ರ ಮಾರ್ಚ್ 27ರಂದು ಅಲ್ಲಿಯೇ ದೇಹವಿಟ್ಟಳು. ಜೀರುಂಡೆ ರೆಕ್ಕೆಯ ಆ ನಿಲುವಂಗಿ ಇಂದಿಗೂ ಸ್ಮಾಲ್‌ಹೈದಿನ ಸ್ವತ್ತು. ಹೊಲಿದವರ ಹೆಸರು ಅದರೊಡನೆ ಉಳಿದುಬಂದಿದೆ.

ನಮ್ಮ ಸಂಘದ ಸದಸ್ಯರಲ್ಲಿ ನನ್ನದೊಂದು ವಿಜ್ಞಾಪನೆ. ಹಳೆಯ ಪೆಟ್ಟಿಗೆಗಳಲ್ಲಿರುವ ಜರಿಯ ಅಂಗಿ, ಮಖಮಲ್ಲಿನ ಕವಚ, ಕಿರೀಟ, ಭುಜಕೀರ್ತಿಗಳಿಗೆಲ್ಲ ಒಂದು ಪಟ್ಟಿಯಾಗಲಿ. ಯಾವ ನಾಟಕಕ್ಕೆ, ಯಾರು ಹೊಲಿದದ್ದು ಎಂಬುದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ ಬರೆದಿಡೋಣ. ಮುಂದಿನ ನಾಟಕದ ಕರಪತ್ರದಲ್ಲಿ ನಟವರ್ಗದ ಕೆಳಗೆ ದರ್ಜಿಯ ಹೆಸರೂ ಅಚ್ಚಾಗಲೆಂದು ಸಮಿತಿಯವರನ್ನು ಬೇಡುತ್ತೇನೆ.