ಕಲೆಗಟ್ಟಿದ ಹಲ್ಲಿನ ಕಥೆ

ಕೆಟ್ಟ ಹಲ್ಲನ್ನು ನಾವು ‘ಹುಳುಕು ಹಲ್ಲು’ ಎನ್ನುತ್ತೇವೆ. ಹಲ್ಲಿನೊಳಗೆ ಹುಳುವೊಂದು ಸೇರಿಕೊಂಡು ಅದನ್ನು ಕೊರೆಯುತ್ತದೆಂಬ ಬಹು ಪ್ರಾಚೀನವಾದ ನಂಬಿಕೆ ಈ ಮಾತಿನಲ್ಲಿ ಇಂದಿಗೂ ಉಳಿದುಬಂದಿದೆ. ಇದು ನಮ್ಮದೊಂದೇ ನಂಬಿಕೆಯಲ್ಲ. ಬ್ಯಾಬಿಲೋನಿಯದ ಮಣ್ಣಿನ ಫಲಕಗಳಲ್ಲಿಯೂ ಈ ಹುಳುವಿನ ಪ್ರಸ್ತಾಪವುಂಟು. ಫ್ರಾನ್ಸಿನ ಪಿಯೇರ್ ಫೊಶಾರ್ ಎಂಬ ದಂತವೈದ್ಯ 1728ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಹುಳುವಿನ ವಾದವನ್ನು ತಳ್ಳಿಹಾಕಿದ. ಬರ್ಲಿನ್ನಿನಲ್ಲಿ ನೆಲೆಸಿದ್ದ ಅಮೆರಿಕದ ಡಬ್ಲ್ಯು. ಡಿ. ಮಿಲ್ಲರ್ 1890ರಲ್ಲಿ ನಿಜವಾದ ಕಾರಣವನ್ನು ವಿವರಿಸಿದ. ಬಾಯಲ್ಲಿ ಉಳಿದ ಅನ್ನದ, ಸಕ್ಕರೆಯ ಅಂಶವನ್ನು ಸೂಕ್ಷ್ಮಜೀವಿಗಳು ಹುಳಿಯಾಗಿಸುತ್ತವೆ. ಆ ಹುಳಿ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಅಂದಿನಿಂದ ಹಲ್ಲಿನ ಆರೋಗ್ಯವೆಂದರೆ ಶುಚಿತ್ವ ಎಂಬ ಸೂತ್ರ ಲೋಕದಲ್ಲೆಲ್ಲ ನೆಲೆಗೊಂಡಿತು. ಸೂತ್ರವೇನೋ ಸರಿಯೆ. ಆದರೆ ಅದರಿಂದ ಬಿಡಿಸಲಾಗದ ಒಗಟೊಂದು ಸ್ವಲ್ಪ ಕಾಲದಲ್ಲಿಯೇ ಎದುರಾಯಿತು.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ. ಪದವಿ ಪಡೆದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಅಲ್ಲಿ ಹುಟ್ಟಿ ಬೆಳೆದವರಲ್ಲಿ ಬಹುಮಂದಿಯ ಹಲ್ಲುಗಳ ಮೇಲೆ ಕಂದು ಬಣ್ಣದ ಕಲೆಗಳಿದ್ದವು. ಕೆಲವರ ಹಲ್ಲು ಚಾಕೊಲೆಟ್ಟಿನ ಬಣ್ಣಕ್ಕೇ ತಿರುಗಿತ್ತು. ಮೆಕೇ ಪುಸ್ತಕಗಳನ್ನು ತಡಕಿದ, ಎಲ್ಲಿಯೂ ಉಲ್ಲೇಖವಿಲ್ಲ. ಆ ಕಾಲದ ದಂತವೈದ್ಯರಲ್ಲಿ ಮೇರುವೆನಿಸಿದ್ದ ಜಿ. ವಿ. ಬ್ಲ್ಯಾಕ್ ಅವರಿಗೆ ವಿಷಯ ತಿಳಿಸಿದಾಗ, ಇಂಥದೊಂದು ವ್ಯಾಧಿ ಶಾಸ್ತ್ರಗ್ರಂಥಗಳ ಕಣ್ಣು ತಪ್ಪಿಸಿ ಇರುವುದುಂಟೆ ಎಂದು ಆ ಹಿರಿಯರು ಮೊದಲು ಸಂದೇಹಪಟ್ಟರು. 1909ರಲ್ಲಿ ತಾವೇ ಬಂದು ಕಣ್ಣಾರೆ ಕಂಡ ಮೇಲೆ ಆ ಸಂದೇಹ ಉಳಿಯಲಿಲ್ಲ. 1915ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕಲೆಯ ಅಧ್ಯಯನವನ್ನು ಬಿಡಲಿಲ್ಲ.

ಇಬ್ಬರೂ ಸೇರಿ ಎರಡು ಸಂಗತಿಗಳನ್ನು ಗುರುತಿಸಿದರು. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಆ ಊರಿನಲ್ಲಿದ್ದ ಮಕ್ಕಳಿಗೆ ಮಾತ್ರ ಕಲೆ ಬರುತ್ತಿತ್ತು. ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಅದರ ಭಯವಿರಲಿಲ್ಲ. ಎರಡನೆಯದು ಸೋಜಿಗದ ಮಾತು. ನೋಡಲು ಅಷ್ಟು ವಿಕಾರವಾದ ಆ ಹಲ್ಲುಗಳು ಹುಳುಕಿಗೆ ಸುಲಭವಾಗಿ ಸೋಲುತ್ತಿರಲಿಲ್ಲ! ಮಲಿನವಾಗಿ ತೋರುವುದು ಗಟ್ಟಿಯಾಗಿ ನಿಲ್ಲುವುದೆಂದರೆ ಶುಚಿತ್ವದ ಸೂತ್ರಕ್ಕೆ ಅದು ಹೇಗೆ ಹೊಂದೀತು?

ದಾರಿ ತೋರಿದ್ದು ಪ್ರಯೋಗಶಾಲೆಯಲ್ಲ, ಇಡಾಹೋ ಪ್ರಾಂತದ ಓಕ್ಲಿ ಎಂಬ ಸಣ್ಣ ಊರಿನ ತಾಯಂದಿರು. 1923ರಲ್ಲಿ ಮೆಕೇ ಅಲ್ಲಿಗೆ ಹೋದಾಗ ಅವರು ಸ್ಪಷ್ಟವಾಗಿ ಹೇಳಿದರು: ಐದು ಮೈಲಿ ದೂರದ ಬೆಚ್ಚನೆಯ ಬುಗ್ಗೆಯಿಂದ ಕೊಳವೆಯಲ್ಲಿ ನೀರು ಬರತೊಡಗಿದ ಮೇಲೆಯೇ ತಮ್ಮ ಮಕ್ಕಳ ಹಲ್ಲು ಕೆಟ್ಟಿತು. ಆ ನೀರನ್ನು ಪರೀಕ್ಷಿಸಿದರೆ ಸಂಶಯಪಡುವಂಥದು ಏನೂ ಸಿಕ್ಕಲಿಲ್ಲ. ಆದರೂ ಮೆಕೇ ತಾಯಂದಿರ ಮಾತನ್ನು ನಂಬಿದ. ಆ ಕೊಳವೆಯನ್ನು ಬಿಟ್ಟು ಹತ್ತಿರದ ಬೇರೊಂದು ಬುಗ್ಗೆಯ ನೀರನ್ನು ಬಳಸಿರೆಂದು ಸಲಹೆಯಿತ್ತ. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಬಂದ ಶಾಶ್ವತ ಹಲ್ಲುಗಳು ನಿಷ್ಕಳಂಕವಾಗಿದ್ದವು. ಕಾರಣದ ಹೆಸರು ತಿಳಿಯುವ ಮೊದಲೇ ರೋಗಕ್ಕೆ ಪರಿಹಾರ ದೊರೆತಿತ್ತು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಈ ಅಜ್ಞಾತ ಸ್ತ್ರೀಯರಿಗೆ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂದೇ ನನ್ನ ಭಾವನೆ.

ಹೆಸರು ತಿಳಿದದ್ದು 1931ರಲ್ಲಿ, ಅದೂ ಒಂದು ಕಂಪನಿಯ ಅಂಜಿಕೆಯಿಂದ. ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಅಡುಗೆ ಮಾಡಿದರೆ ವಿಷವೆಂಬ ವದಂತಿ ಆಗ ಹರಡಿತ್ತು. ಅಲ್ಯೂಮಿನಿಯಂ ಕಂಪನಿಯದೇ ಊರಾದ ಬಾಕ್ಸೈಟಿನಲ್ಲಿಯೂ ಮಕ್ಕಳ ಹಲ್ಲು ಕಲೆಗಟ್ಟಿದೆಯೆಂಬ ವರದಿ ಬಂದಾಗ, ಅಪವಾದ ತಮ್ಮ ಲೋಹದ ತಲೆಗೆ ಸುತ್ತಿಕೊಂಡೀತೆಂದು ಕಂಪನಿಯ ಮುಖ್ಯ ರಸಾಯನಜ್ಞ ಎಚ್. ವಿ. ಚರ್ಚಿಲ್ ಕಳವಳಪಟ್ಟ. ಆ ಊರಿನ ನೀರನ್ನು ತರಿಸಿ, ಅಂದಿನ ಹೊಸ ವಿಧಾನದಿಂದ ಪರೀಕ್ಷೆ ಮಾಡಿಸಿದ. ಯಾರೂ ನಿರೀಕ್ಷಿಸದಿದ್ದ ಫ್ಲೋರೈಡ್ ಅದರಲ್ಲಿತ್ತು; ಹತ್ತು ಲಕ್ಷ ಭಾಗ ನೀರಿಗೆ 13.7 ಭಾಗ. ನಂಬಲಾಗದೆ ಮತ್ತೊಮ್ಮೆ ನೀರು ತರಿಸಿದ, ಫಲಿತಾಂಶ ಬದಲಾಗಲಿಲ್ಲ. ಮೆಕೇಯ ಮೂವತ್ತು ವರ್ಷಗಳ ಅರಸುವಿಕೆ ಹೀಗೆ ಕೊನೆಗೊಂಡಿತು.

ಅನಂತರ ಟ್ರೆಂಡ್ಲಿ ಡೀನ್ ಎಂಬ ಸರ್ಕಾರಿ ವಿಜ್ಞಾನಿ ಊರೂರಿನ ನೀರನ್ನೂ ಮಕ್ಕಳ ಹಲ್ಲನ್ನೂ ತಾಳೆ ನೋಡಿದ. ಹತ್ತು ಲಕ್ಷಕ್ಕೆ ಒಂದು ಭಾಗದಷ್ಟು ಫ್ಲೋರೈಡ್ ಇದ್ದಲ್ಲಿ ಹುಳುಕು ಕಡಿಮೆ, ಎದ್ದು ಕಾಣುವ ಕಲೆಯೂ ಇಲ್ಲ ಎಂದು ಅವನಿಗೆ ಕಂಡಿತು. ಈ ಆಧಾರದ ಮೇಲೆ 1945ರ ಜನವರಿ 25ರಂದು ಮಿಷಿಗನ್ನಿನ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದ ನೀರಿಗೆ ಫ್ಲೋರೈಡ್ ಬೆರೆಸಲಾಯಿತು. ಹನ್ನೊಂದು ವರ್ಷಗಳ ತರುವಾಯ ನೋಡಿದಾಗ, ಆ ನೀರು ಕುಡಿದು ಬೆಳೆದ ಮಕ್ಕಳಲ್ಲಿ ಹುಳುಕು ಶೇಕಡಾ 60ಕ್ಕೂ ಹೆಚ್ಚು ತಗ್ಗಿತ್ತು. ಬಳಿಕ ಟೂತ್‌ಪೇಸ್ಟಿಗೂ ಫ್ಲೋರೈಡ್ ಸೇರಿತು. ಅದು ಹಲ್ಲಿನ ಕವಚದೊಡನೆ ಕೂಡಿ, ಹುಳಿಗೆ ಸುಲಭವಾಗಿ ಕರಗದ ಪದರವನ್ನು ಕಟ್ಟುತ್ತದೆ. ಈ ಲಾಭ ಹೆಚ್ಚಾಗಿ ದೊರೆಯುವುದು ಹಲ್ಲಿನ ಮೇಲ್ಮೈಯಲ್ಲಿ, ನುಂಗುವುದರಿಂದಲ್ಲ ಎಂಬುದು ಈಗ ತಿಳಿದಿದೆ. ಚಿಕ್ಕ ಮಕ್ಕಳಿಗೆ ಸವರಿದಷ್ಟೇ ಪೇಸ್ಟು ಹಾಕಿ ಉಗುಳಲು ಕಲಿಸಬೇಕೆಂದು ವೈದ್ಯರು ಹೇಳುವುದು ಆ ಕಾರಣದಿಂದಲೇ.

ಅಮೆರಿಕ ತನ್ನ ನೀರಿಗೆ ಫ್ಲೋರೈಡ್ ಬೆರೆಸುವುದಕ್ಕೆ ಎಂಟು ವರ್ಷ ಮೊದಲು, ಅದೇ ಧಾತು ನಮ್ಮ ಪಕ್ಕದಲ್ಲಿಯೇ ಬೇರೊಂದು ಮುಖವನ್ನು ತೋರಿತ್ತು. ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಉಳುವ ಎತ್ತುಗಳು ನಡೆಯಲಾರದೆ ಕುಂಟತೊಡಗಿದ್ದವು. ಬರಬರುತ್ತ ಮನುಷ್ಯರ ಬೆನ್ನುಮೂಳೆಯೂ ಬಿಗಿದು, ಕತ್ತು ತಿರುಗಿಸಲಾಗದೆ, ನಡು ಬಾಗಿಸಲಾಗದೆ ಜನ ಬಳಲಿದರು. ಎಚ್. ಇ. ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ಇದಕ್ಕೆ ಬಾವಿನೀರಿನ ಫ್ಲೋರೈಡೇ ಕಾರಣವೆಂದು ತೋರಿಸಿಕೊಟ್ಟರು. (ಮಲೇರಿಯಾ ಕ್ರಿಮಿ ಮನುಷ್ಯನ ಯಕೃತ್ತಿನಲ್ಲಿ ಅಡಗಿ ಬೆಳೆಯುವುದನ್ನು 1948ರಲ್ಲಿ ಗಾರ್ನಮ್ ಜೊತೆಗೂಡಿ ಕಂಡುಹಿಡಿದವರೂ ಇದೇ ಶಾರ್ಟ್.) ಕೊಲರಾಡೋದಲ್ಲಿ ಹಲ್ಲಿಗಷ್ಟೇ ನಿಂತದ್ದು ಇಲ್ಲಿ ಎಲುಬಿಗೂ ಇಳಿದಿತ್ತು. ಬಿಸಿಲ ನಾಡಿನಲ್ಲಿ ಹೊಲಗೆಲಸ ಮಾಡುವವನು ದಿನಕ್ಕೆ ಎಷ್ಟು ನೀರು ಕುಡಿಯುತ್ತಾನೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಸೀಮೆಗಳಲ್ಲಿ ಅಂತರ್ಜಲದ ಕಥೆಯೂ ಇದೇ. ಕಗ್ಗಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಶಿಲೆಯ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮಳೆಯಿಂದ ತುಂಬುವ ತೆರೆದ ಬಾವಿಯಲ್ಲಿಯೂ ಸಾಮಾನ್ಯವಾಗಿ ಕಡಿಮೆಯೆ. ಆ ಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆ ಹಳೆಯ ನೀರು ಮೇಲೆ ಬಂದಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಎಂಬುದು ಭಾರತದ ಮಾನಕ ಸಂಸ್ಥೆ ವಿಧಿಸಿರುವ ಮಿತಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ನಾಗಪುರದ ಸಂಶೋಧನಾ ಸಂಸ್ಥೆಯೊಂದು 1970ರ ದಶಕದಲ್ಲಿ ಸುಣ್ಣ ಮತ್ತು ಆಲಂ ಬೆರೆಸಿ ಅದನ್ನು ತಳಕ್ಕಿಳಿಸುವ ವಿಧಾನವನ್ನು ರೂಪಿಸಿತು; ಬಾಧೆ ತೀವ್ರವಾಗಿದ್ದ ನಲಗೊಂಡದ ಹೆಸರನ್ನೇ ಅದಕ್ಕಿಟ್ಟರು.

ಇಂಥ ಊರುಗಳಲ್ಲಿ ಹಲ್ಲು ಹಳದಿಗಟ್ಟಿದ ಹುಡುಗಿಯನ್ನು ‘ಹಲ್ಲುಜ್ಜದ ಸೋಮಾರಿ’ ಎಂದು ಗದರುವವರುಂಟು. ಆ ಮಾತಿಗೆ ನಾಚಿ, ಬೂದಿಯನ್ನೋ ಇಟ್ಟಿಗೆಯ ಪುಡಿಯನ್ನೋ ಹಾಕಿ ಒಸಡು ಹರಿಯುವಂತೆ ತಿಕ್ಕುವ, ನಕ್ಕರೆ ಬಾಯಿಗೆ ಸೆರಗು ಅಡ್ಡ ಹಿಡಿಯುವ ಹೆಣ್ಣುಮಕ್ಕಳೂ ಉಂಟು. ಆ ಕಲೆ ತಿಕ್ಕಿದರೆ ಹೋಗುವಂಥದಲ್ಲ. ಕವಚ ಸವೆಯುತ್ತದೆ, ಅಷ್ಟೆ. ಮುಂದಿನ ಶಾಶ್ವತ ಹಲ್ಲುಗಳ ಕವಚ ಮೊದಲ ನಾಲ್ಕೈದು ವರ್ಷಗಳಲ್ಲಿಯೇ ದವಡೆಯೊಳಗೆ ಕಟ್ಟಿಕೊಳ್ಳುತ್ತದೆ. ಏಳನೆಯ ವಯಸ್ಸಿನಲ್ಲಿ ಹೊರಗೆ ಕಾಣುವ ಕಲೆ ಆಕೆ ಎರಡು ಮೂರರ ಹಸುಳೆಯಾಗಿದ್ದಾಗ ಕುಡಿದ ನೀರಿನ ಬರಹ. ಫ್ಲೋರೈಡಿನ ಬಾಧೆಯನ್ನು ಅಳೆಯಲು ಸರ್ವೇಕ್ಷಣದವರು ಹಳ್ಳಿಗೆ ಬಂದಾಗ ಶಾಲೆಗೂ ಹೋಗಿ ಮಕ್ಕಳಿಗೆ ಬಾಯಿ ತೆರೆಯಲು ಹೇಳುತ್ತಾರೆ. ಊರಿನ ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿಸಿಕೊಂಡು ಹೋಗುತ್ತಾರೆ.