‘ಲೈನ್’ ಎಂಬ ಪುಟ್ಟ ಪದದ ದೊಡ್ಡ ಚರಿತ್ರೆ

ಭಾಷೆಗಳು ನೆರೆಹೊರೆಯವರಿದ್ದಂತೆ, ಕೊಟ್ಟು ತೆಗೆದುಕೊಂಡು ಬಾಳುತ್ತವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ನಮಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕನ್ನಡ, ಉರ್ದು, ತೆಲುಗು, ಮರಾಠಿ ಇಲ್ಲಿ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಇವುಗಳ ನಡುವೆ ಸದ್ದಿಲ್ಲದೆ ಬಂದು ಕುಳಿತ ಒಂದು ಪುಟ್ಟ ಇಂಗ್ಲಿಷ್ ಪದ ‘ಲೈನ್’. ಅದರ ಚರಿತ್ರೆಯನ್ನು ನಾನು ತಿಳಿದದ್ದು ನನ್ನದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದುದರಿಂದ ಎಂಟನೆಯ ತರಗತಿಯ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳು ನನ್ನ ಪಾಲಿಗೆ ಬಂದವು. ‘ಲೈನ್’ ಪದದ ಅರ್ಥ ಬರೆಯಬೇಕಿತ್ತು. ಮಾದರಿ ಉತ್ತರದಲ್ಲಿ ‘ಗೆರೆ’ ಎಂದಿತ್ತು. ಒಬ್ಬ ಹುಡುಗ ‘ರೈಲಿನ ಹಳಿ’ ಎಂದು ಬರೆದಿದ್ದ. ಒಬ್ಬಳು ‘ಪಾಳಿ’ ಎಂದಿದ್ದಳು. ಮತ್ತೊಬ್ಬ, ಗೌಂಡಿಯ ಮಗ, ‘ಗೋಡೆಗೆ ಕಟ್ಟುವ ದಾರ’ ಎಂದು ಬರೆದಿದ್ದ. ಮೂವರಿಗೂ ಸೊನ್ನೆ ಹಾಕಿದೆ. ಮನಸ್ಸು ಒಪ್ಪದೆ ರಾತ್ರಿ ನಿಘಂಟು ತೆರೆದೆ.

ಈ ಪದದ ಬೇರು ಲ್ಯಾಟಿನ್ ಭಾಷೆಯ ‘ಲೀನುಮ್’ನಲ್ಲಿದೆ. ಹಾಗೆಂದರೆ ಬೇರೇನೂ ಅಲ್ಲ, ನಮ್ಮ ಅಗಸಿ ಗಿಡ! ಜೋಳದ ರೊಟ್ಟಿಯ ಜೊತೆ ನಾವು ತಿನ್ನುವ ಅಗಸಿ ಹಿಂಡಿಯ ಅಗಸಿ. ಉರ್ದು ಮಾತಾಡುವ ಮನೆಗಳಲ್ಲಿ ಅದೇ ‘ಅಲಸಿ’. ನಮ್ಮ ಕಡೆ ಇದನ್ನು ಬೀಜಕ್ಕಾಗಿ ಬೆಳೆದರೆ, ಯುರೋಪಿನಲ್ಲಿ ಇದರ ಕಾಂಡದ ನಾರಿನಿಂದ ನೂಲು ತೆಗೆದು ಬಟ್ಟೆ ನೇಯ್ದರು. ಆ ಬಟ್ಟೆಯೇ ಲಿನನ್. ದರ್ಜಿಗಳು ಬಟ್ಟೆಯ ಒಳಗೆ ಕೊಡುವ ‘ಲೈನಿಂಗ್’ ಕೂಡ ಇದೇ ಮನೆತನದ್ದು. ಅಗಸಿ ನಾರಿನ ದಾರಕ್ಕೆ ರೋಮನರು ‘ಲೀನೆಯಾ’ ಎಂದರು. ದಾರವನ್ನು ಎಳೆದು ಕಟ್ಟಿದರೆ ನೇರವಾಗುತ್ತದೆ. ಆದ್ದರಿಂದ ನೇರವಾದ ಗೆರೆಗೂ ಅದೇ ಹೆಸರು ಬಂತು. ಈ ಪದ ಮೊದಲು ಹಳೆಯ ಇಂಗ್ಲಿಷಿಗೆ ಹಗ್ಗ, ಸಾಲು ಎಂಬ ಅರ್ಥದಲ್ಲಿ ಸೇರಿತು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ನಂತರದ ಕಾಲದಲ್ಲಿ ಫ್ರೆಂಚ್ ರೂಪವೂ ಬಂದು ಅದರೊಡನೆ ಬೆರೆಯಿತು.

ಅಂದರೆ ಗೌಂಡಿಯ ಮಗ ಬರೆದದ್ದೇ ಎಲ್ಲಕ್ಕಿಂತ ಹಳೆಯ ಅರ್ಥ! ನಾನು ಸರಿಯೆಂದ ‘ಗೆರೆ’ ಆ ದಾರದ ಮಗು.

ನಮ್ಮ ಭಾಷೆಗಳಲ್ಲೂ ಇಂಥ ಪಯಣ ನಡೆದಿದೆ. ‘ಸೂತ್ರ’ ಎಂದರೆ ದಾರ. ಗಣಿತದ ನಿಯಮವೂ ಸೂತ್ರವೇ. ಅರಬ್ಬಿಯಿಂದ ಉರ್ದುವಿಗೆ ಬಂದ ‘ಖತ್’ ಎಂದರೆ ಗೆರೆ. ಅದೇ ಪದ ಬರವಣಿಗೆಯಾಯಿತು, ಅಂಚೆಯಲ್ಲಿ ಬರುವ ಪತ್ರವೂ ಆಯಿತು. ಭೂಮಧ್ಯರೇಖೆಗೆ ಉರ್ದುವಿನಲ್ಲಿ ‘ಖತ್-ಎ-ಉಸ್ತುವಾ’ ಎನ್ನುತ್ತೇವೆ.

ಇನ್ನು ಹಳಿಯ ಮಾತು. ಜಿ.ಐ.ಪಿ. ರೈಲ್ವೆಯ ಮಾರ್ಗವು ಸೊಲ್ಲಾಪುರದಿಂದ ಕಲಬುರಗಿ, ಶಹಾಬಾದ್, ವಾಡಿ ದಾಟಿ ರಾಯಚೂರು ತಲುಪಿ, 1871ರಲ್ಲಿ ಮದ್ರಾಸ್ ಕಡೆಯಿಂದ ಬಂದ ಮಾರ್ಗವನ್ನು ಕೂಡಿತು. ಸಾಲಾರ್ ಜಂಗ್ ಅವರು ಹೈದರಾಬಾದಿನ ದಿವಾನರಾಗಿದ್ದಾಗ, 1874ರಲ್ಲಿ, ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮೂಲಕ ಸಿಕಂದರಾಬಾದಿಗೆ ನಿಜಾಮ್ ಸಂಸ್ಥಾನದ ರೈಲು ಓಡಿತು. ವಾಡಿ ಜಂಕ್ಷನ್ ಆದದ್ದು ಹೀಗೆ. ಶಹಾಬಾದ್ ಕಲ್ಲು ದೂರದ ಊರುಗಳ ಮನೆಯಂಗಳ ಸೇರಿದ್ದಕ್ಕೂ, ಈ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ಬೆಳೆದದ್ದಕ್ಕೂ ಇಲ್ಲಿಯ ಸುಣ್ಣಕಲ್ಲಿನ ಜೊತೆ ಈ ಲೈನೇ ನೆರವಾಯಿತು. ಚಿಂಚೋಳಿ ಪಟ್ಟಣಕ್ಕೆ ಮಾತ್ರ ಇಂದಿಗೂ ರೈಲಿಲ್ಲ. ಲೈನ್ ಹಾದ ಊರಿಗೂ ಹಾಯದ ಊರಿಗೂ ಎಷ್ಟು ಅಂತರವೆಂಬುದನ್ನು ಕಾಲೇಜಿಗೆ ಬಸ್ಸು ಕಾಯುವ ಅಲ್ಲಿಯ ಮಕ್ಕಳನ್ನೇ ಕೇಳಬೇಕು.

ಕೂಡಿಸುವ ಲೈನ್ ಇದ್ದಂತೆ ಬೇರ್ಪಡಿಸುವ ಲೈನ್ ಕೂಡ ಇದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ವಿಭಜನೆಯಾಗಿ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ, ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು, 2014ರಿಂದ ತೆಲಂಗಾಣದಲ್ಲಿವೆ. ಸೇಡಂ, ಚಿಂಚೋಳಿ ಗಡಿ ತಾಲ್ಲೂಕುಗಳಾದವು. ಆದರೆ ಆ ಗಡಿಯ ಲೈನನ್ನು 1874ರ ರೈಲಿನ ಲೈನ್ ಇಂದಿಗೂ ದಿನವೂ ದಾಟುತ್ತದೆ. ಸೇಡಂನಲ್ಲಿ ಹತ್ತಿ ತಾಂಡೂರಿನಲ್ಲಿ ಇಳಿಯುವವರು ಎರಡೂ ಕಡೆ ನೆಂಟರುಳ್ಳವರೇ.

‘ಪಾಳಿ’ ಎಂದು ಬರೆದ ಹುಡುಗಿಯೂ ತಪ್ಪಲ್ಲ. ರೇಷನ್ ಅಂಗಡಿಯ ಮುಂದೆ ‘ಲೈನ್ ಹಚ್ಚುವುದು’ ಅವಳ ನಿತ್ಯದ ಅನುಭವ. ಆ ಪಾಳಿಯನ್ನು ನಿರ್ಧರಿಸುವುದೂ ಇನ್ನೊಂದು ಲೈನೇ, ಬಡತನದ ರೇಖೆ. ಕರೆಂಟು ಹೋದರೆ ಲೈನ್‌ಮ್ಯಾನ್, ಪೊಲೀಸರ ವಸತಿಗೆ ಪೊಲೀಸ್ ಲೈನ್, ಉದ್ಯೋಗ ಕೇಳಲು ‘ನಿಮ್ಮ ಲೈನ್ ಯಾವುದು?’ ಹೀಗೆ ಒಂದೇ ದಾರಕ್ಕೆ ಎಷ್ಟೊಂದು ಗಂಟುಗಳು!

ಮರುದಿನ ಮೂವರಿಗೂ ಪೂರ್ಣ ಅಂಕ ಕೊಟ್ಟೆ. ಗೌಂಡಿಯ ಮಗನನ್ನು ಎದ್ದು ನಿಲ್ಲಿಸಿ, ತಂದೆ ದಾರ ಹೇಗೆ ಕಟ್ಟುತ್ತಾರೆಂದು ತರಗತಿಗೆ ಹೇಳಲು ತಿಳಿಸಿದೆ. ಇಂಗ್ಲಿಷ್ ಎಂದರೆ ತಲೆ ತಗ್ಗಿಸುತ್ತಿದ್ದ ಹುಡುಗ ಅಂದು ಐದು ನಿಮಿಷ ಮಾತಾಡಿದ.

ಶಿಕ್ಷಕ ಬಂಧುಗಳೇ, ನಮ್ಮ ಮಕ್ಕಳು ಬರಿಗೈಯಲ್ಲಿ ಶಾಲೆಗೆ ಬರುವುದಿಲ್ಲ. ಗಣಿ, ಹಳಿ, ಹೊಲ, ಅಂಗಡಿಗಳಿಂದ ಪದಗಳನ್ನು ಹೊತ್ತು ತರುತ್ತಾರೆ. ಕೆಂಪು ಶಾಯಿಯ ಲೈನ್ ಎಳೆಯುವ ಮುನ್ನ ಒಮ್ಮೆ ಅವರನ್ನು ಕೇಳೋಣ.