ಆಜ್ಞೆ ಇಳಿದು ಬಂದ ದಾರಿ

ಮಿಡಿಗೇಶಿಯ ದುರ್ಗವನ್ನು ಹತ್ತಿದವರಿಗೆ ಮೊದಲು ಕಾಣುವುದು ಕಲ್ಲು. ಬಂಡೆ ಮುಗಿದಲ್ಲಿ ಗೋಡೆ, ಗೋಡೆ ಮುಗಿದಲ್ಲಿ ಮತ್ತೆ ಬಂಡೆ. ಕೋಟೆಯ ಬಲವೆಲ್ಲ ಈ ಕಲ್ಲಿನಲ್ಲಿಯೇ ಇದೆಯೆಂದು ಭಾವಿಸುವುದು ಸಹಜ. ಆದರೆ ಯಾರ ಮಾತಿಗೆ ಬಾಗಿಲು ಮುಚ್ಚಬೇಕು, ಯಾರ ಮಾತಿಗೆ ತೆರೆಯಬೇಕು ಎಂಬುದನ್ನು ಕಲ್ಲು ಹೇಳಲಾರದು.

ಪಾಳೆಯಗಾರರ ದಿನಗಳಲ್ಲಿ ಈ ಪ್ರಶ್ನೆ ಅಷ್ಟು ತೊಡಕಿನದಾಗಿರಲಿಲ್ಲ. ಅಪ್ಪಣೆ ಕೊಡುವವನೂ ಅದನ್ನು ನಡೆಸುವವನೂ ಒಂದೇ ಸೀಮೆಯವರು. 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯವು ಮಧುಗಿರಿ, ಮಿಡಿಗೇಶಿಗಳನ್ನು ಗೆದ್ದ ಮೇಲೆ ಅಪ್ಪಣೆಯು ದೂರದ ಶ್ರೀರಂಗಪಟ್ಟಣದಿಂದ ಬರತೊಡಗಿತು. ಅರಸನಿಗೂ ಕೋಟೆಯ ಕಾವಲಿನವನಿಗೂ ನಡುವೆ ದಳವಾಯಿ, ಫೌಜುದಾರ, ಕಿಲ್ಲೇದಾರ ಎಂದು ಮೆಟ್ಟಿಲುಗಳು ಏರ್ಪಟ್ಟವು.

ಈ ಮೆಟ್ಟಿಲುಗಳ ಪರೀಕ್ಷೆ ನಡೆದದ್ದು 1767ರಲ್ಲಿ. ಪೇಶ್ವೆ ಮಾಧವರಾಯನು ದೊಡ್ಡ ಸೈನ್ಯದೊಡನೆ ಸಿರಾದತ್ತ ಬರುತ್ತಿದ್ದ. ಹೈದರಾಲಿ ತನ್ನ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆಯನ್ನು ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ದಾಖಲಿಸಿದ್ದಾನೆ. ಮರಾಠರು ಸಮೀಪಿಸಿದೊಡನೆ ಕೆರೆಗಳ ಏರಿ ಒಡೆಯಬೇಕು, ಬಾವಿಗಳಿಗೆ ಕಳ್ಳಿ ಹಾಕಿ ನೀರನ್ನು ವಿಷಮಾಡಬೇಕು, ಮೇವನ್ನು, ಮನೆಗೆ ಹೊದಿಸಿದ ಹುಲ್ಲನ್ನು ಸಹ, ಸುಡಬೇಕು, ಧಾನ್ಯವನ್ನು ಹೂಳಬೇಕು, ಜನ, ದನ ಕಾಡಿಗೆ ವಲಸೆ ಹೋಗಬೇಕು. ‘ವಲಸೆ’ ಎಂಬ ನಮ್ಮ ಮಾತನ್ನು ವಿಲ್ಕ್ಸ್ ತನ್ನ ಇಂಗ್ಲಿಷಿನಲ್ಲಿಯೂ ಹಾಗೆಯೇ ಉಳಿಸಿಕೊಂಡಿದ್ದಾನೆ. ಅವನ ಭಾಷೆಯಲ್ಲಿ ಅದಕ್ಕೆ ಸಮನಾದ ಮಾತು ದೊರೆಯಲಿಲ್ಲವೆಂದು ತೋರುತ್ತದೆ.

ಯುದ್ಧತಂತ್ರವಾಗಿ ಇದು ಜಾಣತನವೇ ಇರಬಹುದು. ಆದರೆ ಮಳೆಯನ್ನೇ ನಂಬಿ ಬದುಕುವ ಸೀಮೆಯಲ್ಲಿ ಕೆರೆ ಒಡೆಯುವುದೆಂದರೇನು? ಒಂದು ಸಾಲಿನಲ್ಲಿ ಹೊರಟ ಅಪ್ಪಣೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಗೆ ಸೇರುವುದು ಹಾರೆ ಹಿಡಿದ ಒಬ್ಬ ರೈತನ ಕೈಗೆ. ಆ ಏರಿಯ ಕೆಳಗಿನ ಗದ್ದೆ ಅವನದೇ. ಅವನಿಗಿಂತ ಕೆಳಗೆ ಯಾರೂ ಇಲ್ಲ. ಆ ಆಜ್ಞೆಯನ್ನು ಅವನು ಇನ್ನಾರಿಗೂ ದಾಟಿಸುವಂತಿಲ್ಲ.

ಇನ್ನು ಮೇಲಿನ ಮೆಟ್ಟಿಲಿನ ಕಥೆ. ಸಿರಾದಲ್ಲಿದ್ದ ಮೀರ್ ಅಲಿ ರಜಾ ಖಾನ್ ಹೈದರನ ಭಾವಮೈದುನ. ನೆಂಟಸ್ತಿಕೆಯ ಗಂಟಿಗಿಂತ ಬಿಗಿಯಾದುದು ಯಾವುದಿದ್ದೀತೆಂದು ಹೈದರನು ನಂಬಿದ್ದಿರಬೇಕು. ಆ ಗಂಟೇ ಮೊದಲು ಬಿಚ್ಚಿತು. ಅಲಿ ರಜಾ ಸಿರಾವನ್ನು ಮರಾಠರಿಗೆ ಒಪ್ಪಿಸಿ, ತನ್ನ ಹಿರಿಯರಿದ್ದ ಗುರ್ರಂಕೊಂಡವನ್ನು ಪ್ರತಿಫಲವಾಗಿ ಪಡೆದ. ಮುಂದೆ ಹೈದರನೊಡನೆ ಅವನಿಗೆ ರಾಜಿಯೂ ಆಯಿತು! ದೊಡ್ಡವರ ಆಜ್ಞಾಭಂಗಕ್ಕೆ ಇಂಥ ದಾರಿಗಳಿರುತ್ತವೆ.

ಸಿರಾದ ಬಳಿಕ ಮಧುಗಿರಿ ಮರಾಠರ ವಶವಾಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಪುತ್ರನನ್ನೂ ಸೆರೆಯಿಟ್ಟದ್ದು ಅಲ್ಲಿಯೇ. ಹೈದರನ ಅಧಿಕಾರ ಸಡಿಲಿದ್ದು ಅವಳ ಪಾಲಿಗೆ ಸೆರೆಯ ಬಾಗಿಲು ತೆರೆದಂತಾಯಿತು. ಆ ವರ್ಷವೇ ಮೂವತ್ತೈದು ಲಕ್ಷ ರೂಪಾಯಿಗೆ ಸಂಧಿ ಕುದುರಿತು. ಪೇಶ್ವೆಯ ಕಡೆಯವರು ರಾಣಿಯನ್ನು ಪುಣೆಗೆ ಕರೆದೊಯ್ಯುತ್ತಿದ್ದರು. ಅವಳು ದಾರಿಯಲ್ಲಿಯೇ ತೀರಿಕೊಂಡಳು.